ರಾಫೆಲ್ ಮೇಸ್ತ್ರಿಯ ಚೀಲ

ಜೆಪ್ಪುವಿನ ನಿತ್ಯಾನಂದ ಶೆಟ್ಟರ ಮನೆಗೆ ಹನ್ನೊಂದು ದಿನಗಳಿಂದ ಮುಂಬಾಗಿಲು ಇರಲಿಲ್ಲ. ಕಳ್ಳರು ಒಯ್ದದ್ದಲ್ಲ, ಗೆದ್ದಲು ತಿಂದದ್ದೂ ಅಲ್ಲ. ಶೆಟ್ಟರೇ ಎದುರು ನಿಂತು, ಬೆರಳು ತೋರಿಸಿ ತೆಗೆಸಿದ್ದು.

ಹಳೆಯ ಬಾಗಿಲಿಗೆ ಯಾವ ರೋಗವೂ ಇರಲಿಲ್ಲ. ಮೂವತ್ತು ವರ್ಷ ಅದು ಮಳೆ, ಬಿಸಿಲು ಮತ್ತು ಶೆಟ್ಟರ ಸಿಟ್ಟನ್ನು ತಡೆದುಕೊಂಡಿತ್ತು. ಸಿಟ್ಟು ಬಂದಾಗಲೆಲ್ಲ ಅವರು ಅದನ್ನು ದಢಾರನೆ ಎಳೆದು ಹಾಕಿ ಹೊರಗೆ ಹೋಗುವವರು. ಸಿಟ್ಟು ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಆದರೆ ಜೂನ್ ತಿಂಗಳ ಎರಡನೆಯ ಭಾನುವಾರ ಮಗಳು ಮನ್ವಿತಾಳನ್ನು ನೋಡಲು ಸುರತ್ಕಲ್‌ನಿಂದ ಗಂಡಿನ ಕಡೆಯವರು ಬರುತ್ತಾರೆಂದು ನಿಶ್ಚಯವಾದದ್ದೇ ಆ ಬಾಗಿಲು ಶೆಟ್ಟರ ಕಣ್ಣಿಗೆ ದನದ ಕೊಟ್ಟಿಗೆಯ ಬಾಗಿಲಿನಂತೆ ಕಾಣತೊಡಗಿತು. ನೋಡುವುದು ಎಂಬುದೂ ಹೆಸರಿಗೆ ಮಾತ್ರ. ಹುಡುಗಿ ಹಲ್ಲಿನ ಡಾಕ್ಟರು. ಹುಡುಗ ಪೃಥ್ವಿರಾಜ್ ಎರಡು ವರ್ಷದಿಂದ, ಒಂದೂ ಹುಳುಕಿಲ್ಲದ ಹಲ್ಲುಗಳನ್ನು ತೋರಿಸಲು ವಾರವಾರ ಅವಳ ಕ್ಲಿನಿಕ್ಕಿಗೆ ಬರುತ್ತಿದ್ದ. ಇದು ಶೆಟ್ಟರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು.

"ಅವರದ್ದು ಮೂರು ಹೋಟೆಲು, ನಮ್ಮದು ಒಂದು," ಎಂದರು ಶೆಟ್ಟರು. "ಬಾಗಿಲಿನಲ್ಲಾದರೂ ನಾವು ಮೇಲೆ ಇರಬೇಕು. ಎರಡು ಪಡಿಯ ಬಾಗಿಲು, ಹಿತ್ತಾಳೆಯ ಹಿಡಿ, ಮೇಲೆ ಕೆತ್ತನೆ. ಅವರು ಕಾರಿನಿಂದ ಇಳಿದ ಕೂಡಲೇ ನಾನು ಎರಡೂ ಪಡಿ ಒಟ್ಟಿಗೆ ತೆರೆಯಬೇಕು."

"ಅವರು ಬರುವುದು ಹುಡುಗಿ ನೋಡ್ಲಿಕ್ಕಾ, ಬಾಗಿಲು ನೋಡ್ಲಿಕ್ಕಾ?" ಎಂದು ಹೆಂಡತಿ ಶಶಿಪ್ರಭಾ ಕೇಳಿದರು. ಶೆಟ್ಟರು ಉತ್ತರವಾಗಿ ಹಳೆಯ ಬಾಗಿಲನ್ನು ದಢಾರನೆ ಹಾಕಿ ಹೊರಟುಹೋದರು. ಅದೇ ಕೊನೆಯ ಸಲ.

ಮೂವರು ಬಡಗಿಗಳು ಬಂದರು. ಮೊದಲನೆಯವನು ಶೆಟ್ಟರು ತರಿಸಿಟ್ಟ ಮರವನ್ನು ಮುಟ್ಟಿ ನೋಡಿ, ಒಣಗಲು ಎರಡು ತಿಂಗಳು ಬೇಕು ಎಂದ. ಅವನನ್ನು ಶೆಟ್ಟರು ಗೇಟಿನವರೆಗೆ ಬೈದುಕೊಂಡೇ ಬಿಟ್ಟು ಬಂದರು. ಎರಡನೆಯವನು ಬಿಳಿ ಅಂಗಿ ಹಾಕಿಕೊಂಡು ಬಂದು, ಕಂಪ್ಯೂಟರಿನಲ್ಲಿ ಹೊಸ ಬಾಗಿಲು ಸಮೇತ ಶೆಟ್ಟರ ಮನೆಯ ಹಾಲ್‌ನ ಚಿತ್ರವನ್ನೇ ತೋರಿಸಿದ. ಅದರಲ್ಲಿ ಶೆಟ್ಟರ ಸೋಫಾದ ಮೇಲೆ ಯಾರೋ ಬಿಳಿ ತೊಗಲಿನ ಗಂಡಹೆಂಡಿರು ಕಾಫಿ ಕುಡಿಯುತ್ತಿದ್ದರು. "ಯಾರು ಮಾರಾಯ ಇವರು, ನನ್ನ ಮನೆಯಲ್ಲಿ?" ಎಂದು ಶೆಟ್ಟರು ಕೇಳಿದ ದನಿಗೆ ಅವನು ಕಂಪ್ಯೂಟರು ಮಡಚಿ ಎದ್ದ. ಮೂರನೆಯವನು ರಾಫೆಲ್ ಮೇಸ್ತ್ರಿ. ಅವನು ಏನು ಕೇಳಿದರೂ "ಆಗ್ತದೆ" ಎಂದ. ಎರಡು ಪಡಿ? ಆಗ್ತದೆ. ಕೆತ್ತನೆ? ಆಗ್ತದೆ. ಹತ್ತು ದಿನದಲ್ಲಿ? ಆಗ್ತದೆ. ಆಗ್ತದೆ ಎನ್ನುವವರನ್ನು ಕಂಡರೆ ಶೆಟ್ಟರಿಗೆ ಪ್ರಾಣ. ಕೆಲಸ ಅವನಿಗೇ ಆಯಿತು.

ಮೊದಲ ದಿನ ರಾಫೆಲ್ ಹಳೆಯ ಬಾಗಿಲನ್ನು ದಾರಂದದ ಚೌಕಟ್ಟಿನ ಸಮೇತ ಕಿತ್ತ. ಅದನ್ನು ಶೆಟ್ಟರು ಪಂಪ್‌ವೆಲ್‌ನಲ್ಲಿರುವ ತಮ್ಮ ಹೋಟೆಲಿಗೆ ಸಾಗಿಸಿ, ತರಕಾರಿ ಹೆಚ್ಚುವ ಮೇಜು ಮಾಡಿಸಿದರು. ಎರಡನೆಯ ದಿನ ಅಗಲದ ಹೊಸ ದಾರಂದ ಕೂತಿತು. ಮೂರನೆಯ ದಿನ ಮಧ್ಯಾಹ್ನ ರಾಫೆಲ್ ತನ್ನ ಹಸಿರು ಕ್ಯಾನ್ವಾಸ್ ಚೀಲವನ್ನು ಗೋಡೆಗೆ ಒರಗಿಸಿ ಇಟ್ಟು, "ಒಂದು ಸಣ್ಣ ಕೆಲಸ ಉಂಟು ಶೆಟ್ರೇ, ನಾಳೆ ಬೆಳಿಗ್ಗೆ ಬರ್ತೇನೆ. ಚೀಲ ಇಲ್ಲೇ ಉಂಟಲ್ಲ" ಎಂದು ಹೋದ.

ಬಡಗಿಯ ಚೀಲ ಮನೆಯಲ್ಲಿದ್ದರೆ ಬಡಗಿ ಬಂದೇ ಬರುತ್ತಾನೆ ಎಂಬುದು ಮಂಗಳೂರಿನಲ್ಲಿ ಮನೆ ಕಟ್ಟಿಸಿದವರೆಲ್ಲರ ನಂಬಿಕೆ. ಕೆಲವರು ದೇವರನ್ನು ನಂಬದಿದ್ದರೂ ಇದನ್ನು ನಂಬುತ್ತಾರೆ. ಶೆಟ್ಟರು ಚೀಲವನ್ನು ಕಬ್ಬಿಣದ ಕಪಾಟಿನಲ್ಲಿ, ಹೆಂಡತಿಯ ಬಂಗಾರದ ಪಕ್ಕದಲ್ಲಿ ಇಟ್ಟು ಬೀಗ ಹಾಕಿದರು. "ಇನ್ನು ಅವನು ಎಲ್ಲಿಗೆ ಹೋಗ್ತಾನೆ? ಅವನ ಜುಟ್ಟು ನನ್ನ ಕೈಯಲ್ಲಿ ಉಂಟು," ಎಂದು ಎದೆ ಉಬ್ಬಿಸಿದರು.

ಬಾಗಿಲಿನ ಜಾಗದಲ್ಲಿ ಹೋಟೆಲಿನ ಹಳೆಯ ಫ್ಲೆಕ್ಸ್ ಒಂದನ್ನು ಕಟ್ಟಲಾಯಿತು. ಅದರ ಮಧ್ಯದಲ್ಲಿ ಹುರಿದ ಬಂಗುಡೆ, ಕೆಳಗೆ 'ಮೀನೂಟ ತಯಾರಿದೆ' ಎಂಬ ದಪ್ಪಕ್ಷರ. ಗಾಳಿ ಬಂದಾಗ ಬಂಗುಡೆ ಈಜುತ್ತಿತ್ತು. ಐದನೆಯ ದಿನ ಮಧ್ಯಾಹ್ನ ಅಪರಿಚಿತನೊಬ್ಬ ಫ್ಲೆಕ್ಸ್ ಸರಿಸಿ ಒಳಗೆ ಬಂದು, ಕೈ ತೊಳೆಯುವ ಜಾಗ ಎಲ್ಲಿ ಎಂದು ಕೇಳಿ, ಸೋಫಾದಲ್ಲಿ ಕೂತ. ಶಶಿಪ್ರಭಾ ಅವನಿಗೆ ಊಟ ಹಾಕಿಯೇ ಕಳಿಸಿದರು.

"ಯಾರ್ಯಾರಿಗೋ ಊಟ ಹಾಕುವುದಾ?" ಎಂದು ಶೆಟ್ಟರು ಹಾರಾಡಿದರು.

"ಪಾಪ, ಅವನದ್ದು ಎಂತ ತಪ್ಪು? ಬೋರ್ಡು ಹಾಕಿದ್ದು ನೀವು."

ಹಗಲು ಹೋಟೆಲಿನ ಮಾಲಿಕ, ಕತ್ತಲಾದರೆ ಸ್ವಂತ ಮನೆಯ ವಾಚ್‌ಮನ್. ಹೀಗೆ ಶೆಟ್ಟರ ದಿನಗಳು ಸಾಗಿದವು. ಫೋನ್ ಮಾಡಿದಾಗಲೆಲ್ಲ ರಾಫೆಲ್, "ಇಲ್ಲೇ ಪಂಪ್‌ವೆಲ್‌ನಲ್ಲಿ ಇದ್ದೇನೆ ಶೆಟ್ರೇ, ಹತ್ತು ನಿಮಿಷ" ಎನ್ನುತ್ತಿದ್ದ. ಪಂಪ್‌ವೆಲ್‌ನಲ್ಲೇ ಗಲ್ಲಾದ ಹಿಂದೆ ಕೂತಿದ್ದ ಶೆಟ್ಟರು ಎದ್ದು ರಸ್ತೆಯ ಎರಡೂ ಬದಿ ನೋಡುತ್ತಿದ್ದರು. ಫ್ಲೈಓವರಿನ ಕೆಳಗೆ ಬಸ್ಸುಗಳಿದ್ದವು, ಜನರಿದ್ದರು, ರಾಫೆಲ್ ಇರಲಿಲ್ಲ.

ಬುಧವಾರ, ಭಾನುವಾರಕ್ಕೆ ನಾಲ್ಕೇ ದಿನ ಇದೆ ಎಂದಾಗ, ಶೆಟ್ಟರ ತಾಳ್ಮೆ ಮುಗಿಯಿತು. ಬಂದರಿನ ಮೊಯ್ದೀನಬ್ಬರ ಮರದ ಅಂಗಡಿಗೆ ಹೋದರು. ರಾಫೆಲ್ ಮರ ತರುವುದು ಅಲ್ಲಿಂದಲೇ.

"ಎಲ್ಲಿದ್ದಾನೆ ಆ ರಾಫೆಲ್? ಅವನ ಚೀಲ ನನ್ನ ಕಪಾಟಿನಲ್ಲಿ ಉಂಟು, ಗೊತ್ತುಂಟಾ!" ಎಂದು ಅಂಗಡಿಯ ಹೊರಗಿನಿಂದಲೇ ಗರ್ಜಿಸಿದರು.

ಮೊಯ್ದೀನಬ್ಬ ಬಗ್ಗಿ, ಮೇಜಿನ ಅಡಿಯಿಂದ ಅದೇ ತರಹದ ಹಸಿರು ಚೀಲವೊಂದನ್ನು ಎಳೆದು ಎದುರಿಗಿಟ್ಟರು.

"ನಮ್ಮ ಬಚ್ಚಲಿನ ಬಾಗಿಲು ತೆಗೆದು ಮೂರು ತಿಂಗಳಾಯ್ತು," ಎಂದರು. "ಮನೆಗೆ ಗಲ್ಫಿನಿಂದ ನೆಂಟರು ಬಂದಿದ್ದಾರೆ. ಒಳಗೆ ಜನ ಇದ್ದಾರೆ ಅಂತ ಗೊತ್ತಾಗ್ಲಿಕ್ಕೆ ಎಲ್ಲರೂ ಹಾಡು ಹೇಳ್ತಾರೆ. ಹಾಡು ಬಾರದವರು ಕೆಮ್ಮುತ್ತಾರೆ. ನನ್ನ ಹೆಂಡತಿ ಸಫಿಯಾನ ಅಪ್ಪನಿಗೆ ಕೆಮ್ಮಿ ಕೆಮ್ಮಿ ಈಗ ನಿಜವಾದ ಕೆಮ್ಮೇ ಶುರುವಾಗಿದೆ."

"ಮರದ ಅಂಗಡಿ ನಿಮ್ಮದು! ನಿಮಗೇ ಬಾಗಿಲಿಲ್ಲವಾ?"

"ನಾನು ಮರ ಮಾರುವವ ಶೆಟ್ರೇ. ಬಾಗಿಲು ಮಾರುವವ ಅಲ್ಲ. ಇರಲಿ, ಚೀಲ ಉಂಟಲ್ಲ ಅಂತ ಸಮಾಧಾನದಲ್ಲಿದ್ದೆ. ಇದರಲ್ಲಿ ಅವನ ಅಪ್ಪನ ಕೀಸುಳಿ ಉಂಟು. ಪ್ರಾಣ ಹೋದರೂ ಅದನ್ನು ಬಿಡುವುದಿಲ್ಲ ಅಂತ ಹೇಳಿದ್ದ."

ಶೆಟ್ಟರ ಮುಖ ಕಪ್ಪಿಟ್ಟಿತು. "ಅಪ್ಪನ ಕೀಸುಳಿ ನನ್ನ ಹತ್ತಿರ ಇರುವುದಲ್ವಾ?"

ಇಬ್ಬರೂ ಚೀಲ ಬಿಚ್ಚಿದರು. ತುಕ್ಕು ಹಿಡಿದ ಎರಡು ಉಳಿ, ಹಲ್ಲು ಸವೆದ ಗರಗಸ, ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಮೊಂಡು ಕೀಸುಳಿ. ಶೆಟ್ಟರ ಕಪಾಟಿನಲ್ಲಿದ್ದುದೂ ಅಷ್ಟೇ, ಅದೇ.

"ಎಷ್ಟು ಅಪ್ಪಂದಿರು ಮಾರಾಯ್ರೆ ಅವನಿಗೆ?"

"ಅಪ್ಪ ಒಬ್ಬನೇ ಇರಬೇಕು," ಎಂದರು ಮೊಯ್ದೀನಬ್ಬ. "ಕೀಸುಳಿ ಜಾಸ್ತಿ."

ಅಂಗಡಿಯ ಪುಸ್ತಕ ತಿರುವಿದಾಗ, ಸೋಮವಾರ ರಾಫೆಲ್ ಹೇಳಿದ ಮೇರೆಗೆ ಒಬ್ಬರ ಮನೆಗೆ ಹಲಗೆ ಹೋದದ್ದು ಸಿಕ್ಕಿತು. ಆಗ್ನೆಸ್ ಬಾಯಿ, ನಿವೃತ್ತ ಟೀಚರು. ಮನೆ ಜೆಪ್ಪು. ಶೆಟ್ಟರ ಮನೆಯಿಂದ ಎರಡೇ ಗಲ್ಲಿ ಆಚೆ.

ಇಬ್ಬರೂ ಶೆಟ್ಟರ ಕಾರಿನಲ್ಲಿ ಹೊರಟರು. ದಾರಿಯಲ್ಲಿ ಶೆಟ್ಟರು ತಮ್ಮ ಮನೆಯೆದುರು ಬ್ರೇಕ್ ಹಾಕಿ, ಒಳಗೆ ನುಗ್ಗಿ, ಕಪಾಟಿನಿಂದ ಚೀಲ ತಂದು, ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನ ಗಾಡಿಗೆ ಎಸೆದರು.

"ಬೇಡ ಶೆಟ್ರೇ, ಇರಲಿ. ತಿನ್ನಲಿಕ್ಕೆ ಕೇಳ್ತದಾ ಅದು?" ಎಂದರು ಮೊಯ್ದೀನಬ್ಬ.

"ಇಂಥ ಕಸ ನನ್ನ ಮನೆಯಲ್ಲಿ ಒಂದು ಕ್ಷಣ ಇರಬಾರದು!"

ಆಗ್ನೆಸ್ ಬಾಯಿಯ ಮನೆಯ ಜಗಲಿಯಲ್ಲಿ ರಾಫೆಲ್ ಪುಸ್ತಕದ ಕಪಾಟಿಗೆ ಕೊನೆಯ ಮೊಳೆ ಹೊಡೆಯುತ್ತಿದ್ದ. ಕೆಲಸ ಎಂಥ ಚೊಕ್ಕ! ಬೈಯಬೇಕೆಂದು ಇಡೀ ದಾರಿಯಲ್ಲಿ ಕೂಡಿಟ್ಟುಕೊಂಡಿದ್ದ ಮಾತುಗಳು ಶೆಟ್ಟರ ಬಾಯಿಯಲ್ಲೇ ಉಳಿದವು. ರಾಫೆಲ್ ಅವರನ್ನು ಕಂಡು, ಸಂತೆಯಲ್ಲಿ ನೆಂಟರು ಸಿಕ್ಕಿದವನಂತೆ ನಕ್ಕ. "ಓ ಶೆಟ್ರೇ! ನಾಳೆ ನಿಮ್ಮಲ್ಲಿಗೇ ಬರುವವನಿದ್ದೆ."

"ನಿಮ್ಮ ಹತ್ತಿರ ಹೇಗೆ ಹೀಗೆ ಕೆಲಸ ಮಾಡ್ತಾನೆ ಇವನು?" ಎಂದು ಶೆಟ್ಟರು ಆಗ್ನೆಸ್ ಬಾಯಿಯನ್ನು ಪಕ್ಕಕ್ಕೆ ಕರೆದು ಕೇಳಿದರು. "ನಿಮ್ಮಲ್ಲೂ ಚೀಲ ಇಟ್ಟಿದ್ದಾನಾ?"

"ಚೀಲ ಇಡ್ಲಿಕ್ಕೆ ಬಂದಿದ್ದ. ನಾನು ಬೇಡ ಹೇಳಿದೆ," ಎಂದರು ಆ ಮುದುಕಿ, ಕನ್ನಡಕದ ಮೇಲಿನಿಂದ ನೋಡುತ್ತ. "ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಈ ರಾಫೆಲ್ ನಾಲ್ಕನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಇದ್ದ. ಆಗಲೂ ಬೆಂಚಿನ ಮೇಲೆ ಚೀಲ ಇಟ್ಟು ಓಡಿಹೋಗ್ತಿದ್ದ. ಈಗಿನ ಬಡಗಿಗಳು ಉಳಿಯಲ್ಲಿ ಕೆಲಸ ಮಾಡ್ತಾರಾ ಮಿಸ್ಟರ್ ಶೆಟ್ಟಿ? ಎಲ್ಲಾ ಕರೆಂಟಿನ ಮೆಷಿನು. ಸಂಜೆ ಆದ ಕೂಡಲೇ ಆ ಮೆಷಿನನ್ನು ನನ್ನ ಕೋಣೆಯಲ್ಲಿ ಇಟ್ಟು ಬೀಗ ಹಾಕ್ತೇನೆ. ಬೆಳಿಗ್ಗೆ ಎಂಟಕ್ಕೆ ಬಂದು ನಿಲ್ತಾನೆ."

ಆಗ್ನೆಸ್ ಬಾಯಿ ಪುನರ್ಪುಳಿ ಶರಬತ್ತು ತಂದರು. ಮೊಯ್ದೀನಬ್ಬ ಮರ್ಯಾದಸ್ಥ ಮನುಷ್ಯ, ಕೂತು ಕುಡಿದು, ಅದಕ್ಕೆ ಜೀರಿಗೆ ಹಾಕಿದ್ದೀರಾ ಎಂದು ವಿಚಾರಿಸಿದರು. ಶೆಟ್ಟರು ಕುಡಿಯಲಿಲ್ಲ. ಮೆಷಿನಿನ ಪೆಟ್ಟಿಗೆಯನ್ನು ಎತ್ತಿ ಕಾರಿನ ಡಿಕ್ಕಿಗೆ ಹಾಕಿದರು, ರಾಫೆಲನನ್ನು ಮುಂದಿನ ಸೀಟಿಗೆ ಹಾಕಿದರು, ಕಾರು ಹೊರಡಿಸಿಯೇಬಿಟ್ಟರು. ಹಿಂದಿನಿಂದ ಮೊಯ್ದೀನಬ್ಬ, ಕೈಯಲ್ಲಿ ಲೋಟ ಹಿಡಿದು, "ಶೆಟ್ರೇ! ನಮ್ಮ ಬಚ್ಚಲು!" ಎಂದು ಕೂಗಿದ್ದು ಕೇಳಿಸಿತು. ಮೂರು ತಿಂಗಳು ಹಾಡಿದವರಿಗೆ ಇನ್ನೂ ನಾಲ್ಕು ದಿನ ಹಾಡಲು ಏನು ಕಷ್ಟ ಎಂದು ಶೆಟ್ಟರು ತಮ್ಮ ಮನಸ್ಸಿಗೆ ಹೇಳಿಕೊಂಡರು. ಮನಸ್ಸು ಕೂಡಲೇ ಒಪ್ಪಿತು. ಶೆಟ್ಟರ ಮನಸ್ಸು ಶೆಟ್ಟರ ಮಾತನ್ನು ಎಂದೂ ಮೀರಿದ್ದಿಲ್ಲ.

ಮೆಷಿನು ಕಪಾಟಿಗೆ ಹೋಯಿತು. ಬೆಳಿಗ್ಗೆ ಎಂಟಕ್ಕೆ ಹೊರಗೆ ಬಂತು, ಸಂಜೆ ಆರಕ್ಕೆ ಒಳಗೆ ಹೋಯಿತು. ರಾಫೆಲ್ ಮೂರು ದಿನ ಬೆವರು ಸುರಿಸಿದ. ಶನಿವಾರ ಮಧ್ಯಾಹ್ನ ಎರಡು ಪಡಿಗಳೂ ನಿಂತವು. ಕೆತ್ತಿದ ಎರಡು ನವಿಲು, ಹಿತ್ತಾಳೆಯ ಹಿಡಿ, ನೋಡಲು ನಿಜಕ್ಕೂ ಚಂದ. ಶೆಟ್ಟರು ಹಿಂದೆ ಸರಿದು, ಮುಂದೆ ಬಂದು, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಗುಡುಗಿದರು.

"ಇದೆಂತ ಇದು, ನಡುವೆ ಸಂದು?"

"ಬಿಡಬೇಕು ಶೆಟ್ರೇ. ಮರ ಸ್ವಲ್ಪ ಹಸಿ ಉಂಟು. ಮಳೆ ಬಂದರೆ ಉಬ್ಬುತ್ತದೆ. ನಾಣ್ಯದಷ್ಟು ಜಾಗ ಬೇಕು."

"ನಾನು ದುಡ್ಡು ಕೊಡುವುದು ಮರಕ್ಕೆ, ಸಂದಿಗಲ್ಲ! ನಾಳೆ ಆ ಸುರತ್ಕಲ್‌ನವರು ಬೆರಳು ತೂರಿಸಿ ನೋಡಬೇಕಾ? ಒಂದು ಕೂದಲು ಹೋಗಬಾರದು. ಪಟ್ಟಿ ಹೊಡೆದು ಮುಚ್ಚು."

"ಮಳೆಗೆ..."

"ಆಗ್ತದಾ, ಇಲ್ಲವಾ?"

ರಾಫೆಲ್ ಒಂದು ಗಳಿಗೆ ನವಿಲುಗಳನ್ನು ನೋಡಿದ. "ಆಗ್ತದೆ," ಎಂದ.

ಸಂಜೆ ಶೆಟ್ಟರು ಹೋಟೆಲಿನ ಒಂದು ಬಿಲ್ಲಿನ ಕಾಗದವನ್ನು ಎರಡು ಪಡಿಗಳ ನಡುವೆ ತೂರಿಸಲು ನೋಡಿದರು. ಹೋಗಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದರು, ಮಗಳನ್ನು ಕರೆದು ತೋರಿಸಿದರು, ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು. ಏಳು ಗಂಟೆಗೆ ಮಳೆ ಶುರುವಾಯಿತು. ಮಳೆಗಾಲದ ಮೊದಲ ಮಳೆ, ಗಾಳಿ ಸಮೇತ, ನೇರ ಬಾಗಿಲಿನ ಮೇಲೆ. ಶೆಟ್ಟರು ಹೆಮ್ಮೆಯಿಂದ ಎರಡೂ ಪಡಿ ಮುಚ್ಚಿ ಚಿಲಕ ಹಾಕಿದರು.

ಭಾನುವಾರ ಬೆಳಿಗ್ಗೆ ಚಿಲಕ ತೆರೆಯಿತು. ಬಾಗಿಲು ತೆರೆಯಲಿಲ್ಲ.

ಎಳೆದರು. ಕಾಲು ಗೋಡೆಗೆ ಕೊಟ್ಟು ಎಳೆದರು. ಹಿತ್ತಾಳೆಯ ಹಿಡಿ ಕಿತ್ತು ಕೈಗೆ ಬಂತು, ಶೆಟ್ಟರು ಹಾಲ್‌ನ ನಡುವೆ ಕೂತರು. ನವಿಲುಗಳು ಇಡೀ ರಾತ್ರಿ ನೀರು ಕುಡಿದು ಉಬ್ಬಿ, ಒಂದನ್ನೊಂದು ಅಪ್ಪಿಕೊಂಡು ನಿಂತಿದ್ದವು.

ಫೋನ್ ಹೋದಾಗ ರಾಫೆಲ್ ಚರ್ಚಿನಲ್ಲಿದ್ದ. ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೊಡೆ ಹಿಡಿದು ಬಂದು ಕಿಟಕಿಯ ಹೊರಗೆ ನಿಂತ. ಒಳಗಿನಿಂದ ಶೆಟ್ಟರು ಸರಳು ಹಿಡಿದು ನಿಂತರು. ನೋಡಿದವರಿಗೆ ಜೈಲಿನಲ್ಲಿ ಭೇಟಿಗೆ ಬಂದ ಹಾಗಿತ್ತು.

"ಮೆಷಿನು ಹಿಂದಿನ ಬಾಗಿಲಿನಿಂದ ಕೊಡಿಸ್ತೇನೆ. ಬೇಗ ಮಾಡು. ಹನ್ನೊಂದಕ್ಕೆ ಅವರು ಬರ್ತಾರೆ!"

"ಕರೆಂಟು ಎಲ್ಲಿ ಉಂಟು ಶೆಟ್ರೇ? ನಿನ್ನೆ ಸಂಜೆಯಿಂದ ಜೆಪ್ಪುವಿನಲ್ಲಿ ಇಲ್ಲ. ಇನ್ವರ್ಟರು ಈ ಮೆಷಿನನ್ನು ಎಳೆಯುವುದಿಲ್ಲ." ರಾಫೆಲ್ ಬಾಗಿಲನ್ನು ಅಂಗೈಯಿಂದ ತಟ್ಟಿ ನೋಡಿದ. "ಬೇಜಾರಿಲ್ಲ. ಉಳಿಯಿಂದ ನಡುವೆ ಬಿಡಿಸಿ, ಕೈ ಕೀಸುಳಿ ಹಾಕಿದರೆ ಆಯ್ತು. ಆ ಚೀಲ ಕೊಡಿ."

ಶೆಟ್ಟರು ಕೈಯಲ್ಲಿದ್ದ ಹಿತ್ತಾಳೆಯ ಹಿಡಿಯನ್ನು ತಿರುಗಿಸಿ ನೋಡಿದರು.

"ಚೀಲ, ಶೆಟ್ರೇ."

"ಅದೆಲ್ಲ ಮೊಂಡು ಅಲ್ವಾ?"

"ಮೊಂಡಾದರೆ ಮಸೆಯುವುದಪ್ಪ. ಹತ್ತು ನಿಮಿಷದ ಕೆಲಸ. ಎಲ್ಲಿ ಉಂಟು?"

"ಗುಜರಿಗೆ ಕೊಟ್ಟೆ," ಎಂದರು ಶೆಟ್ಟರು. ಐವತ್ತನಾಲ್ಕು ವರ್ಷದಲ್ಲಿ ಅಷ್ಟು ಸಣ್ಣ ದನಿ ಅವರ ಗಂಟಲಿನಿಂದ ಬಂದದ್ದು ಅದೇ ಮೊದಲು.

"ನನ್ನ ಅಪ್ಪನ ಕೀಸುಳಿ!"

"ಸುಮ್ಮನಿರು. ಇನ್ನೊಂದು ಅಪ್ಪನದ್ದು ಬಂದರಿನಲ್ಲಿ ಉಂಟು."

ಮೊಯ್ದೀನಬ್ಬರಿಗೆ ಫೋನ್ ಮಾಡುವುದೆಂದರೆ ಶೆಟ್ಟರಿಗೆ ಬಿಸಿ ಎಣ್ಣೆಗೆ ಕೈ ಹಾಕಿದಂತೆ. ಮಾಡಿದರು. ಆ ಕಡೆಯಿಂದ ಬಹಳ ಹೊತ್ತು ಬರೇ ಕೆಮ್ಮು ಕೇಳಿಸಿತು. ಹಿಂದಿನಿಂದ ಯಾರೋ ಹಾಡುತ್ತಿದ್ದರು. ಆಮೇಲೆ ಮೊಯ್ದೀನಬ್ಬ ಶಾಂತವಾಗಿ ಹೇಳಿದರು: "ಚೀಲ ತರ್ತೇನೆ. ಹಿಂದೆ ಹೋಗುವಾಗ ಮೆಷಿನು ನನ್ನ ಜೊತೆ ಬರ್ತದೆ. ಶರಬತ್ತು ಕುಡಿದು ಮುಗಿಸಿಯೇ ಹೊರಡ್ತೇನೆ, ಅವಸರ ಇಲ್ಲ."

ಹನ್ನೊಂದಕ್ಕೆ ಸರಿಯಾಗಿ ಎರಡು ಕಾರುಗಳು ಬಂದು ನಿಂತವು. ಪೃಥ್ವಿರಾಜ್, ಅವನ ತಾಯಿ, ತಂದೆ, ಇಬ್ಬರು ಅತ್ತೆಯಂದಿರು ಪೋರ್ಟಿಕೋದಲ್ಲಿ ಇಳಿದು, ನವಿಲುಗಳ ಎದುರು ಕೊಡೆ ಹಿಡಿದು ನಿಂತರು. ಕಿಟಕಿಯಿಂದ ಶೆಟ್ಟರು, "ಬನ್ನಿ ಬನ್ನಿ! ಐದೇ ನಿಮಿಷ!" ಎಂದು ಕೂಗಿದರು. ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ಮಳೆ ಅಡ್ಡ ಹೊಡೆಯಿತು. ಅತ್ತೆಯೊಬ್ಬರ ರೇಷ್ಮೆ ಸೀರೆಯ ಅಂಚು ಒದ್ದೆಯಾಯಿತು.

ಶಶಿಪ್ರಭಾ ಒಂದು ಅಡಿಕೆ ಹಾಳೆಯ ಟೋಪಿ ತಲೆಗೆ ಹಾಕಿಕೊಂಡು ಮನೆ ಸುತ್ತಿ ಬಂದರು. "ಇಲ್ಲಿಂದ ಬನ್ನಿ ಅಕ್ಕ, ಹಿಂದಿನಿಂದ. ಜಾರುತ್ತದೆ, ನೋಡಿಕೊಂಡು."

"ಏ ಶಶಿ! ಹಿಂದಿನಿಂದ ಬೇಡ!" ಎಂದು ಕಿಟಕಿ ಅರಚಿತು. ಯಾರೂ ಕೇಳಲಿಲ್ಲ. ಸುರತ್ಕಲ್‌ನ ಮೂರು ಹೋಟೆಲುಗಳು ಬಾವಿಯ ಕಟ್ಟೆ ದಾಟಿ, ಬಟ್ಟೆ ಒಗೆಯುವ ಕಲ್ಲು ದಾಟಿ, ಬಂಗುಡೆಯ ತಲೆಗಳ ಮುಂದೆ ಕೂತಿದ್ದ ಬೆಕ್ಕಿಗೆ ದಾರಿ ಬಿಟ್ಟು, ಸಾಲಾಗಿ ಅಡುಗೆಮನೆ ಸೇರಿದವು.

"ನೀವೂ ಬನ್ನಿ ಪಪ್ಪ," ಎಂದು ಮನ್ವಿತಾ ಹಾಲ್‌ಗೆ ಬಂದು ಕರೆದಳು.

"ನಾನು ಬರುವುದಿಲ್ಲ. ಬಾಗಿಲು ತೆರೆಯುತ್ತೇನೆ. ಅವರನ್ನು ಪುನಃ ಹೊರಗೆ ಕಳಿಸಿ, ಮುಂದಿನಿಂದ ಕರೆದುಕೊಂಡು ಬರ್ತೇನೆ. ಮನೆತನ ಅಂತ ಒಂದು ಉಂಟು!"

ಮನ್ವಿತಾ ಅವರ ಕೈಯಲ್ಲಿದ್ದ ಹಿತ್ತಾಳೆಯ ಹಿಡಿಯನ್ನು ನೋಡಿದಳು, ನಗು ತಡೆದುಕೊಂಡು ಹಿಂದೆ ಹೋದಳು.

ಮೊಯ್ದೀನಬ್ಬ ರಿಕ್ಷಾದಲ್ಲಿ ಬಂದಾಗ ಹನ್ನೆರಡು ದಾಟಿತ್ತು. ರಾಫೆಲ್ ಇಸ್ತ್ರಿಯ ಅಂಗಿ ಬಿಚ್ಚಿ ಕಿಟಕಿಯ ಸರಳಿಗೆ ನೇತುಹಾಕಿ, ಮೆಟ್ಟಿಲ ಕಲ್ಲಿನ ಮೇಲೆ ಉಳಿ ಮಸೆಯತೊಡಗಿದ. ಹೊರಗೆ ಅವನು ಬಡಿದ, ಒಳಗೆ ಶೆಟ್ಟರು ಎಳೆದರು. ಕತ್ತಲೆಯ ಹಾಲ್‌ನಲ್ಲಿ ಒಬ್ಬರೇ ನಿಂತ ಶೆಟ್ಟರಿಗೆ ಅಡುಗೆಮನೆಯಿಂದ ಎಲ್ಲವೂ ಕೇಳಿಸುತ್ತಿತ್ತು. ಕಾವಲಿಯ ಮೇಲೆ ನೀರುದೋಸೆ ಚುಂಯ್ ಎಂದದ್ದು. "ಇನ್ನೊಂದು ಹಾಕಿಕೊಳ್ಳಿ, ನಾಚಿಕೆ ಬೇಡ" ಎಂದು ಶಶಿಪ್ರಭಾ ಹೇಳಿದ್ದು. "ನಮ್ಮ ಹೋಟೆಲಿನಲ್ಲಿ ಇಷ್ಟು ತೆಳು ಬರುವುದೇ ಇಲ್ಲ" ಎಂದು ಹುಡುಗನ ತಂದೆ ನಿಟ್ಟುಸಿರು ಬಿಟ್ಟದ್ದು. ಒಂದು ದೊಡ್ಡ ನಗು. ಆಮೇಲೆ ಡಿಸೆಂಬರ್ ಎಂಬ ಮಾತು. ಯಾವುದೋ ಮದುವೆ ಹಾಲ್‌ನ ಹೆಸರು. ಎಷ್ಟು ಜನ ಎಂಬ ಲೆಕ್ಕಾಚಾರ. ಶೆಟ್ಟರು ಎಳೆಯುವುದನ್ನು ನಿಲ್ಲಿಸಿ ಕಿವಿಗೊಟ್ಟರು. ತಮ್ಮ ಏಕಮಾತ್ರ ಮಗಳ ಮದುವೆ ತಮ್ಮನ್ನು ಬಿಟ್ಟು, ತಮ್ಮದೇ ಮನೆಯ ಒಲೆಯ ಪಕ್ಕದಲ್ಲಿ ನಿಶ್ಚಯವಾಗುತ್ತಿತ್ತು.

"ಎಳೆಯಿರಿ ಶೆಟ್ರೇ!" ಎಂದ ರಾಫೆಲ್ ಹೊರಗಿನಿಂದ.

ಎಳೆದರು.

ಸ್ವಲ್ಪ ಹೊತ್ತಿನಲ್ಲಿ ಕಿಟಕಿಯ ಆಚೆ ಕೊಡೆಗಳು ಸಾಗಿದವು. ಹುಡುಗನ ತಾಯಿ ಒಂದು ಕೊಡೆಯ ಕೆಳಗಿನಿಂದ ಇಣುಕಿ, ತುಂಬ ಮರ್ಯಾದೆಯಿಂದ ಹೇಳಿದರು: "ಬರ್ತೇವೆ ಶೆಟ್ರೇ. ಎಲ್ಲಾ ಮಾತಾಡಿ ಆಯ್ತು, ಮನ್ವಿತಾನ ಅಮ್ಮ ಹೇಳ್ತಾರೆ ನಿಮಗೆ. ಬಾಗಿಲು ಬಹಳ ಚಂದ ಉಂಟು. ಡಿಸೆಂಬರಿಗೆ ತೆರೆಯುತ್ತದಲ್ಲ?"

ಕಾರುಗಳು ಗೇಟು ದಾಟಿದವು. ಆಗ ಬಾಗಿಲು ಕಿರ್ರೆಂದು ತೆರೆಯಿತು. ಎರಡೂ ಪಡಿ, ಶೆಟ್ಟರು ಬಯಸಿದಂತೆಯೇ, ಒಟ್ಟಿಗೆ. ಎದುರಿಗೆ ಖಾಲಿ ಪೋರ್ಟಿಕೋ, ಬರಿಮೈಯಲ್ಲಿ ರಾಫೆಲ್, ಮೆಷಿನಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ರಿಕ್ಷಾದಲ್ಲಿ ಕೂತ ಮೊಯ್ದೀನಬ್ಬ.

"ಮುಚ್ಚು ನೋಡುವ," ಎಂದರು ಶೆಟ್ಟರು.

ಮುಚ್ಚಲಿಲ್ಲ. ನಾಲ್ಕು ಬೆರಳು ಜಾಗ ಬಿಟ್ಟು ಪಡಿಗಳು ನೆಲಕ್ಕೆ ಕಚ್ಚಿ ನಿಂತವು.

"ಕೆಳಗೆ ಸ್ವಲ್ಪ ತಾಗ್ತದೆ," ಎಂದ ರಾಫೆಲ್ ಅಂಗಿ ಹಾಕಿಕೊಳ್ಳುತ್ತ. "ಪಡಿ ಇಳಿಸಿ ಕೀಸಬೇಕು. ಮಳೆ ಸ್ವಲ್ಪ ಬಿಡಲಿ. ಇವರ ಬಚ್ಚಲು ಮುಗಿಸಿ ನಾಳೆ ಬೆಳಿಗ್ಗೆ ಬರ್ತೇನೆ." ಹಸಿರು ಚೀಲವನ್ನು ಗೋಡೆಗೆ ಒರಗಿಸಿ ಇಟ್ಟ. "ಚೀಲ ಇಲ್ಲೇ ಉಂಟಲ್ಲ."

ರಿಕ್ಷಾ ಹೋಯಿತು. ಶಶಿಪ್ರಭಾ ಬಂಗುಡೆಯ ಫ್ಲೆಕ್ಸ್ ತಂದು ನವಿಲುಗಳ ನಡುವೆ ಕಟ್ಟತೊಡಗಿದರು. ಶೆಟ್ಟರು ಬಗ್ಗಿ ಚೀಲ ಎತ್ತಿಕೊಂಡು, ಹೆಗಲ ಬೈರಾಸಿನಿಂದ ಅದರ ನೀರು ಒರಸಿ, ಒಳಗೆ ಒಯ್ದು, ಹೆಂಡತಿಯ ಬಂಗಾರದ ಪಕ್ಕದಲ್ಲಿ ಇಟ್ಟು ಬೀಗ ಹಾಕಿದರು. ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ಎಳೆದು ನೋಡಿದರು.